ಸುಜೂದ್‌ನ ನೆಲವನ್ನು ಯಾವ ಸರಕಾರವೂ ಸ್ವಾಧೀನಪಡಿಸಿಕೊಳ್ಳಲಾರದು

ಕಾರವಾರದಿಂದ ಅಂಕೋಲಾದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ಬಿಣಗಾ ದಾಟಿದ ನಂತರ ಅರ್ಗಾ ಸಿಗುತ್ತದೆ. ಒಂದು ಕಾಲದಲ್ಲಿ ಇಲ್ಲಿನ ಕಡಲತೀರ ಮೀನುಗಾರರದ್ದಾಗಿತ್ತು, ಗುಡ್ಡದ ಬುಡದ ಗದ್ದೆಗಳು ರೈತರವಾಗಿದ್ದವು. 1986ರ ಅಕ್ಟೋಬರ್‌ನಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆ ಯೋಜನೆಗೆ ಇಲ್ಲಿ ಶಿಲಾನ್ಯಾಸ ಮಾಡಿದರು. ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಸುಮಾರು 11,000 ಎಕರೆ ಭೂಮಿ ಯೋಜನೆಯ ಪಾಲಾಯಿತು. 4,000ಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. 2005ರ ಮೇ 31ರಂದು 'ಐಎನ್‌ಎಸ್ ಕದಂಬ' ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ಆದರೆ ನೆಲ ಬಿಟ್ಟುಕೊಟ್ಟವರ ಪರಿಹಾರದ ವ್ಯಾಜ್ಯಗಳು ಅಂದಿಗೆ ಮುಗಿಯಲಿಲ್ಲ. ತಂದೆ ಹೂಡಿದ ದಾವೆಯನ್ನು ಮಗ ನಡೆಸಿದ. ತೀರ್ಪು ಕೇಳಲು ಬದುಕಿರದ ಹಿರಿಯರು ಎಷ್ಟೋ ಮಂದಿ.

ದೇಶದ ರಕ್ಷಣೆಗೆ ನೌಕಾನೆಲೆ ಬೇಕೇ ಬೇಡವೇ ಎಂಬುದು ಈ ಲೇಖನದ ವಿಷಯವಲ್ಲ. ದೇಶಕ್ಕೆ ಕಾವಲು ಬೇಕು, ಅದಕ್ಕೆ ಬಂದರೂ ಬೇಕು. ನಾನು ಹೇಳಹೊರಟಿರುವುದು ಬೇರೆ ಮಾತು. ಇಂತಹ ಪ್ರತಿಯೊಂದು ಪ್ರಸಂಗದಲ್ಲಿಯೂ ನಮ್ಮವರ ಬಾಯಿಂದ ಒಂದು ವಾಕ್ಯ ಹೊರಡುತ್ತದೆ. ಮಸೀದಿಯ ಅಂಗಳದಲ್ಲಿ, ನಮಾಝ್ ಮುಗಿಸಿ ಚಪ್ಪಲಿ ಮೆಟ್ಟುವಾಗಲೇ ಅದನ್ನು ಹೇಳುವವರಿದ್ದಾರೆ: "ದುಆದಿಂದ ಕಡತ ಅಲುಗುವುದಿಲ್ಲ. ಮೇಲೆ ಯಾರದಾದರೂ ಪರಿಚಯ ಬೇಕು, ಇಲ್ಲವೇ ಕೈಯಲ್ಲಿ ಕಾಸು ಬೇಕು."

ಈ ಮಾತನ್ನು ಆಡುವವನು ನಾಸ್ತಿಕನಲ್ಲ. ಅವನು ದಿನಕ್ಕೆ ಐದು ಹೊತ್ತು 'ಅಲ್ಲಾಹು ಅಕ್ಬರ್' ಎನ್ನುತ್ತಾನೆ. ಅಲ್ಲಾಹನೇ ಅತಿ ದೊಡ್ಡವನೆಂದು ಘೋಷಿಸಿದ ಅದೇ ನಾಲಿಗೆ, ಮಸೀದಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ತಾಲೂಕು ಕಚೇರಿಯ ಗುಮಾಸ್ತನೇ ದೊಡ್ಡವನೆನ್ನುತ್ತದೆ. ಇದು ಬರೀ ಬೇಸರದ ಮಾತೆಂದು ತಳ್ಳಿಹಾಕಬೇಡಿ. ಇದು ಈಮಾನ್‌ನ ಬುಡಕ್ಕೇ ತಗಲುವ ರೋಗ.

ಅಧಿಕಾರವೆಂದರೆ ಏನು? ಅದು ಎಷ್ಟು ಕಾಲ ಬಾಳುತ್ತದೆ? ಇದಕ್ಕೆ ಉತ್ತರ ಹುಡುಕಲು ಅರ್ಗಾದವರು ದೂರ ಹೋಗಬೇಕಾಗಿಲ್ಲ, ಎದುರಿನ ಕಡಲನ್ನು ನೋಡಿದರೆ ಸಾಕು. ಅಲ್ಲಿ ಅಂಜುದೀವ್ ದ್ವೀಪವಿದೆ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ಉಳಿಸಿಕೊಳ್ಳಲಾಗದೆ ಮರುವರ್ಷವೇ ತಾವೇ ಕೆಡವಿದರು. 1661ರಲ್ಲಿ ಪೋರ್ಚುಗಲ್‌ನ ರಾಜಕುಮಾರಿಯೊಂದಿಗೆ ನಡೆದ ಮದುವೆಯ ಒಪ್ಪಂದದಲ್ಲಿ ಇಂಗ್ಲೆಂಡಿನ ಅರಸ ಎರಡನೆಯ ಚಾರ್ಲ್ಸ್‌ಗೆ ಮುಂಬಯಿ ಉಡುಗೊರೆಯಾಗಿ ಬಂತು. ಅದನ್ನು ವಹಿಸಿಕೊಳ್ಳಲು ಅಬ್ರಹಾಂ ಶಿಪ್‌ಮನ್ ಎಂಬ ಸೇನಾನಿ ಸುಮಾರು 400 ಸೈನಿಕರೊಂದಿಗೆ ಬಂದ. ಮುಂಬಯಿಯ ಪೋರ್ಚುಗೀಸ್ ಅಧಿಕಾರಿಗಳು ಊರನ್ನು ಬಿಟ್ಟುಕೊಡಲಿಲ್ಲ. ಅರಸನ ಆಜ್ಞಾಪತ್ರವನ್ನು ಕೈಯಲ್ಲಿ ಹಿಡಿದ ಆ ದಂಡು ಅಂಜುದೀವ್‌ನಲ್ಲಿ ಕಾಯುತ್ತ ಕುಳಿತಿತು. ಜ್ವರ ಮತ್ತು ಬೇನೆಗಳು ಶಿಪ್‌ಮನ್‌ನನ್ನೂ ಅವನ ಬಹುಪಾಲು ಸೈನಿಕರನ್ನೂ ಅಲ್ಲಿಯೇ ಮಣ್ಣುಗೂಡಿಸಿದವು. 1665ರಲ್ಲಿ ಮುಂಬಯಿಗೆ ಕಾಲಿಟ್ಟವರು ನೂರರ ಆಸುಪಾಸಿನವರು ಮಾತ್ರ. ಅರಸನ ಮುದ್ರೆಗೆ ಒಂದು ಜ್ವರವನ್ನು ತಡೆಯುವ ಶಕ್ತಿಯಿರಲಿಲ್ಲ.

ಪೋರ್ಚುಗೀಸರ ಕಥೆಯಾದರೂ ಏನಾಯಿತು? 1510ರಲ್ಲಿ ಗೋವೆಯನ್ನು ಹಿಡಿದವರು ತಮ್ಮ ಆಳ್ವಿಕೆ ಶಾಶ್ವತವೆಂದು ಬಗೆದಿದ್ದರು. 1961ರ ಡಿಸೆಂಬರ್‌ನಲ್ಲಿ ಭಾರತೀಯ ನೌಕಾಪಡೆ ಅಂಜುದೀವ್ ದ್ವೀಪಕ್ಕೆ ಇಳಿಯಿತು, ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ತೆತ್ತರು. ಒಂದೆರಡು ದಿನಗಳಲ್ಲಿ ನಾನ್ನೂರೈವತ್ತು ವರ್ಷಗಳ ಸಾಮ್ರಾಜ್ಯ ಗಂಟುಮೂಟೆ ಕಟ್ಟಿತು. ಇನ್ನು ನೌಕಾನೆಲೆಯ ಹೆಸರನ್ನೇ ನೋಡಿ. ಕದಂಬರು ಬನವಾಸಿಯಿಂದ ಈ ನಾಡನ್ನಾಳಿದವರು. ಅವರ ಮಾತು ಕಾನೂನಾಗಿದ್ದ ಕಾಲವಿತ್ತು. ಇಂದು ಅವರಿಂದ ಉಳಿದಿರುವುದು ಕೆಲವು ಶಾಸನ, ಕೆಲವು ಗುಡಿ, ಒಂದು ಫಲಕದ ಮೇಲಿನ ಹೆಸರು. ಅಧಿಕಾರವನ್ನು ತಾನಿಚ್ಛಿಸಿದವರಿಗೆ ಕೊಡುವವನೂ ತಾನಿಚ್ಛಿಸಿದವರಿಂದ ಕಿತ್ತುಕೊಳ್ಳುವವನೂ ಅಲ್ಲಾಹನೇ ಎಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಅರ್ಗಾದ ತೀರದಲ್ಲಿ ನಿಂತವನಿಗೆ ಈ ಪಾಠಕ್ಕೆ ಬೇರೆ ವ್ಯಾಖ್ಯಾನ ಬೇಕಾಗದು.

ನಮ್ಮದೇ ಕಲಬುರಗಿಯ ನಿದರ್ಶನವನ್ನೂ ನೋಡೋಣ. ದೆಹಲಿಯಿಂದ ಹೊರಟ ವಯೋವೃದ್ಧ ಸಂತ ಖ್ವಾಜಾ ಬಂದೇನವಾಝ್ ಗೇಸುದರಾಝ್‌ರನ್ನು ಬಹಮನಿ ಸುಲ್ತಾನ ಫಿರೋಝ್ ಷಾ ಗೌರವದಿಂದ ಬರಮಾಡಿಕೊಂಡನು. ಮುಂದೆ ಇಬ್ಬರ ನಡುವೆ ವಿರಸ ಬೆಳೆಯಿತು. ಸುಲ್ತಾನನು ತನ್ನ ಮಗನನ್ನು ಉತ್ತರಾಧಿಕಾರಿಯನ್ನಾಗಿಸಿ ಸಂತರ ಆಶೀರ್ವಾದ ಕೋರಿದಾಗ ಅವರು ಅರಸನ ಮರ್ಜಿಗೆ ತಲೆಬಾಗಲಿಲ್ಲವೆಂದೂ, ಸಂತರ ಸುತ್ತ ಸೇರುವ ಜನಸಂದಣಿ ಅರಮನೆಗೆ ತೀರ ಹತ್ತಿರವಾಯಿತೆಂಬ ನೆಪದಿಂದ ಅವರನ್ನು ಅಲ್ಲಿಂದ ಎಬ್ಬಿಸಲಾಯಿತೆಂದೂ ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಅದೂ ಒಂದು ಬಗೆಯ ಒಕ್ಕಲೆಬ್ಬಿಸುವಿಕೆಯೇ. ಸಂತರು ದಂಗೆಯೆಬ್ಬಿಸಲಿಲ್ಲ, ಕಾಲಿಗೂ ಬೀಳಲಿಲ್ಲ. ಎದ್ದು ಬೇರೆಡೆಗೆ ಹೋದರು. 1422ರಲ್ಲಿ ಫಿರೋಝ್ ಷಾ ತಮ್ಮನಾದ ಅಹ್ಮದನಿಗೆ ಸಿಂಹಾಸನ ಬಿಟ್ಟುಕೊಡಬೇಕಾಯಿತು. ಅದೇ ವರ್ಷ ಸುಲ್ತಾನನೂ ಸಂತರೂ ಇಹಲೋಕ ತ್ಯಜಿಸಿದರು. ದರ್ಗಾ ಸಂದರ್ಶನದ ಬಗೆಗಿನ ಭಿನ್ನಾಭಿಪ್ರಾಯಗಳನ್ನು ನಾನಿಲ್ಲಿ ಎತ್ತುತ್ತಿಲ್ಲ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ: ಕಲಬುರಗಿಯ ಹಫ್ತ್ ಗುಂಬದ್‌ನಲ್ಲಿ ಮಲಗಿರುವ ಫಿರೋಝ್ ಷಾನ ಹೆಸರು ಇಂದು ನಮ್ಮ ಎಷ್ಟು ಮನೆಗಳ ಮಕ್ಕಳಿಗೆ ಗೊತ್ತು? ಬಂದೇನವಾಝ್‌ರ ಹೆಸರು ಎಷ್ಟು ಮನೆಗಳಲ್ಲಿ ಗೊತ್ತಿಲ್ಲ?

ಇಷ್ಟು ಹೇಳಿದೊಡನೆ ಇನ್ನೊಂದು ಗುಂಪು ಸಂತೋಷದಿಂದ ತಲೆದೂಗುತ್ತದೆ. "ಹಾಗಾದರೆ ಸರಿ, ಎಲ್ಲವನ್ನೂ ಅಲ್ಲಾಹನಿಗೆ ಬಿಟ್ಟು ಸುಮ್ಮನಿರೋಣ" ಎನ್ನುವವರ ಗುಂಪು ಅದು. ಅವರ ಬೆನ್ನಿಗೇ ಮೂರನೆಯ ಗುಂಪೊಂದಿದೆ. ವ್ಯಾಜ್ಯ ಗೆಲ್ಲಲು ತಾಯಿತ, ಅಧಿಕಾರಿಯ ಮನಸ್ಸು ಕರಗಿಸಲು ಮಂತ್ರಿಸಿದ ನೀರು, ಪರಿಹಾರದ ಹಣ ಬೇಗ ಬರಲು ಇಂತಿಷ್ಟು ಸಾವಿರಕ್ಕೆ ವಿಶೇಷ ದುಆ. ಇವರಿಬ್ಬರಿಗೂ ನನ್ನ ಮಾತು ರುಚಿಸದು, ಆದರೂ ಹೇಳಲೇಬೇಕು.

ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಅದನ್ನು ಕಟ್ಟು, ಬಳಿಕ ಭರವಸೆಯಿಡು ಎಂದು ಕಲಿಸಿದವರು ಪ್ರವಾದಿ ಮುಹಮ್ಮದ್(ಸ). ಪಹಣಿಯನ್ನು ಸರಿಪಡಿಸಿಕೊಳ್ಳದೆ, ಆಕ್ಷೇಪಣೆಯನ್ನು ಅವಧಿಯೊಳಗೆ ಸಲ್ಲಿಸದೆ, ವಕೀಲರು ಕರೆದ ದಿನ ಹೋಗದೆ ತಸ್ಬೀಹ್ ಎಣಿಸುವವನು ತವಕ್ಕುಲ್ ಮಾಡುತ್ತಿಲ್ಲ, ತನ್ನ ಸೋಮಾರಿತನಕ್ಕೆ ಅಲ್ಲಾಹನ ಹೆಸರಿಟ್ಟಿದ್ದಾನೆ. ಸೀಬರ್ಡ್ ನಿರಾಶ್ರಿತರಿಗೆ ಹೆಚ್ಚುವರಿ ಪರಿಹಾರ ದೊರೆತದ್ದು ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿ ದಶಕಗಳ ಕಾಲ ಬಿಡದೆ ಹೋರಾಡಿದ್ದರಿಂದ. ಇನ್ನು ತಾಯಿತದ ವ್ಯಾಪಾರಿಯ ವಿಷಯ. ಅವನಿಗೂ ಲಂಚದ ದಲ್ಲಾಳಿಗೂ ಏನು ಭೇದ? ದಲ್ಲಾಳಿಯು ಅಧಿಕಾರಿಗೂ ನಿನಗೂ ನಡುವೆ ನಿಂತು ಹಣ ಕೀಳುತ್ತಾನೆ. ಇವನು ಅಲ್ಲಾಹನಿಗೂ ನಿನಗೂ ನಡುವೆ ನಿಂತು ಹಣ ಕೀಳುತ್ತಾನೆ. ದಾಸನು ಕರೆದಾಗ ತಾನು ಸಮೀಪದಲ್ಲೇ ಇರುವೆನೆಂದು ಹೇಳಿದ ಪ್ರಭುವಿನ ಬಾಗಿಲಿಗೆ ದಲ್ಲಾಳಿ ಬೇಕಾಗಿಲ್ಲ.

ಹಾಗಾದರೆ ದುಆದ ಶಕ್ತಿ ಎಲ್ಲಿದೆ? ಕುರ್‌ಆನ್ ವಿವರಿಸುವ ಫಿರ್‌ಔನ್‌ನ ಆಸ್ಥಾನದ ಜಾದೂಗಾರರನ್ನು ನೆನೆಯಿರಿ. ಪ್ರವಾದಿ ಮೂಸಾ(ಅ)ರನ್ನು ಸೋಲಿಸಲು ರಾಜ್ಯದ ಮೂಲೆ ಮೂಲೆಗಳಿಂದ ಅವರನ್ನು ಕರೆಸಲಾಗಿತ್ತು. ಸ್ಪರ್ಧೆಗೆ ಮುನ್ನ ಅವರು ಕೇಳಿದ ಪ್ರಶ್ನೆ ಒಂದೇ, ಗೆದ್ದರೆ ನಮಗೆ ಪ್ರತಿಫಲವಿದೆಯೇ ಎಂದು. ಖಂಡಿತ ಇದೆ, ನನ್ನ ಆಪ್ತರಲ್ಲಿ ಸೇರುವಿರಿ ಎಂದನು ಫಿರ್‌ಔನ್. ಪರಿಚಯ, ಶಿಫಾರಸು, ಕಾಸು ಎಂದು ನಮ್ಮವರು ಹಂಬಲಿಸುವುದೆಲ್ಲವೂ ಅವರಿಗೆ ಒಂದೇ ಉಸಿರಿನಲ್ಲಿ ದೊರೆಯಿತು. ಸತ್ಯವು ಕಣ್ಣೆದುರು ಬೆಳಗಿದಾಗ ಅದೇ ಜನರು ಸುಜೂದ್‌ಗೆ ಬಿದ್ದರು. ಕೈಕಾಲು ಕತ್ತರಿಸಿ ಖರ್ಜೂರದ ಕಾಂಡಗಳಲ್ಲಿ ಶಿಲುಬೆಗೇರಿಸುವೆನೆಂದು ಫಿರ್‌ಔನ್ ಗರ್ಜಿಸಿದ. ನೀನು ಮಾಡುವುದನ್ನು ಮಾಡು, ನಿನ್ನ ತೀರ್ಪು ನಡೆಯುವುದು ಈ ಲೋಕದ ಬದುಕಿನಲ್ಲಿ ಮಾತ್ರ ಎಂಬುದು ಅವರ ಉತ್ತರದ ಸಾರ.

ಬೆಳಿಗ್ಗೆ ಅರಸನ ಮುಂದೆ ಕೈಚಾಚಿದವರು ಅಂದೇ ಅರಸನಿಗೆ ಅಂಜದವರಾದರು. ಈ ನಡುವೆ ಅವರ ಬಳಿ ಸೈನ್ಯ ಸೇರಲಿಲ್ಲ, ಸಂಪತ್ತು ಸೇರಲಿಲ್ಲ. ಬದಲಾದದ್ದು ಒಂದೇ: ಅವರ ಹಣೆ ನೆಲಕ್ಕೆ ತಗಲಿತ್ತು. ಪ್ರಾರ್ಥನೆ ಮೊದಲು ಮಾಡುವ ಕೆಲಸ ಇದು. ಎದುರಿನವನ ಕುರ್ಚಿ ಅಲುಗುವ ಮುನ್ನ ನಮ್ಮೊಳಗಿನ ಭಯ ಅಲುಗುತ್ತದೆ. ಅಲ್ಲಾಹನ ಮುಂದೆ ಮನಃಪೂರ್ವಕ ಬಾಗಿದವನಿಗೆ ಗುಮಾಸ್ತನ ಮೇಜಿನ ಮುಂದೆ ಬಾಗುವ ಅಗತ್ಯ ಕಾಣುವುದಿಲ್ಲ. ಅವನು ವಿನಯದಿಂದ ಮಾತನಾಡುತ್ತಾನೆ, ಆದರೆ ದೀನನಾಗಿ ಅಂಗಲಾಚುವುದಿಲ್ಲ. ಲಂಚ ಕೊಡುವುದಿಲ್ಲ, ಏಕೆಂದರೆ ತನ್ನ ಅನ್ನದ ಕೀಲಿಕೈ ಆ ಮೇಜಿನ ಸೆಳೆಖಾನೆಯಲ್ಲಿಲ್ಲವೆಂದು ಅವನಿಗೆ ಗೊತ್ತು. ಕಡತ ಹತ್ತು ಬಾರಿ ಹಿಂದಿರುಗಿದರೆ ಹನ್ನೊಂದನೆಯ ಬಾರಿ ಹೋಗುತ್ತಾನೆ. ದುಆ ಮಾಡುವವನು ಸೋಮಾರಿಯೆನ್ನುವವರು ನಿಜವಾದ ದುಆವನ್ನು ಎಂದೂ ಮಾಡಿದವರಲ್ಲ.

ಆದರೆ ಪ್ರಾಮಾಣಿಕವಾದ ಒಂದು ಆಕ್ಷೇಪಣೆಯಿದೆ, ಅದನ್ನು ಮರೆಮಾಚಬಾರದು. ಜೀವಮಾನವಿಡೀ ಕಣ್ಣೀರಿಟ್ಟು ಬೇಡಿದವರು ಏನನ್ನೂ ಕಾಣದೆ ತೀರಿಕೊಂಡರಲ್ಲ, ಅವರ ದುಆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಕೇಳುವ ವಿಧವೆಗೆ ಅಥವಾ ಮಗನಿಗೆ "ಸಬ್ರ್ ಮಾಡಿ" ಎಂದು ಎರಡು ಪದ ಎಸೆದು ಹೋಗುವುದು ಕ್ರೂರತನ. ನೆಲ ಕಳೆದುಕೊಂಡ ನೋವು ನೋವೇ. ಮಕ್ಕಾವನ್ನು ತೊರೆಯುವಾಗ ಪ್ರವಾದಿ(ಸ)ರೂ ಆ ಊರಿನತ್ತ ತಿರುಗಿ ನೋಡಿ, ತನ್ನವರು ಹೊರಹಾಕದಿರುತ್ತಿದ್ದರೆ ತಾನು ಹೋಗುತ್ತಿರಲಿಲ್ಲವೆಂದು ದುಃಖಿಸಿದ್ದರು. ನೆಲದ ಮೇಲಿನ ಮಮತೆ ಈಮಾನ್‌ಗೆ ವಿರುದ್ಧವಲ್ಲ.

ಅವರ ದುಆ ವ್ಯರ್ಥವಾಗಲಿಲ್ಲ ಎಂದು ಹದೀಸ್ ಕಲಿಸುತ್ತದೆ. ಪಾಪವನ್ನಾಗಲಿ ಸಂಬಂಧ ಮುರಿಯುವುದನ್ನಾಗಲಿ ಬೇಡದ ವಿಶ್ವಾಸಿಯ ಪ್ರಾರ್ಥನೆಗೆ ಮೂರರಲ್ಲಿ ಒಂದು ಲಭಿಸಿಯೇ ತೀರುತ್ತದೆ: ಬೇಡಿದ್ದು ಇಲ್ಲಿಯೇ ದೊರೆಯಬಹುದು, ಪರಲೋಕಕ್ಕಾಗಿ ಕೂಡಿಡಲ್ಪಡಬಹುದು, ಅಥವಾ ಅದರಷ್ಟೇ ಕೆಡುಕೊಂದು ಅವನಿಂದ ದೂರ ಸರಿಯಬಹುದು. ಪರಲೋಕವನ್ನು ನಂಬದವನಿಗೆ ಇದು ಸಮಾಧಾನದ ಮಾತಾಗಿ ತೋರೀತು. ನಂಬುವವನಿಗೆ ಇದು ಲೆಕ್ಕಪತ್ರ. ಭೂಸ್ವಾಧೀನ ಅಧಿಕಾರಿಯ ಕಚೇರಿಯಲ್ಲಿ ಕಡತ ಕಳೆಯಬಹುದು, ಅಲ್ಲಾಹನ ಬಳಿ ಕಳೆಯದು. ಮೀನಿನ ಹೊಟ್ಟೆಯ ಕತ್ತಲೆಯಿಂದ ಯೂನುಸ್(ಅ) ಕರೆದಾಗ ಅವರ ಬಳಿ ಅರ್ಜಿ ಬರೆಯಲು ಕಾಗದವಿರಲಿಲ್ಲ, ಮೇಲೆ ಯಾರ ಪರಿಚಯವೂ ಇರಲಿಲ್ಲ. ಕಡಲ ತಳದ ಆ ಕರೆ ಅರ್ಶ್‌ಗೆ ತಲುಪಿತು. ಕಡಲ ಮಡಿಲಲ್ಲಿ ಬೆಳೆದ ನಮಗೆ ಇದು ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು?

ಇನ್ನು ಅಧಿಕಾರದಲ್ಲಿರುವವರಿಗೆ ಇಸ್ಲಾಮ್ ಏನು ಹೇಳುತ್ತದೆ ನೋಡಿ. ಪ್ರವಾದಿ(ಸ) ಮದೀನಾದಲ್ಲಿ ಮಸೀದಿ ಕಟ್ಟಲು ಆರಿಸಿದ ನೆಲ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದ್ದಾಗಿತ್ತು. ಉಚಿತವಾಗಿ ಕೊಡುವೆವೆಂದು ಅವರು ಮುಂದೆ ಬಂದರೂ ಪ್ರವಾದಿ(ಸ) ಒಪ್ಪದೆ ಕ್ರಯ ಕೊಟ್ಟೇ ಪಡೆದರು. ಅಲ್ಲಾಹನ ಮನೆಗೇ ಬೇಕಾದ ನೆಲವದು! ಮುಂದೆ ಅದೇ ಮಸೀದಿಯನ್ನು ವಿಸ್ತರಿಸಲು ಖಲೀಫಾ ಉಮರ್(ರ) ಪಕ್ಕದಲ್ಲಿದ್ದ ಅಬ್ಬಾಸ್(ರ)ರ ಮನೆಯನ್ನು ಕೇಳಿದರು. ಅಬ್ಬಾಸ್ ಒಪ್ಪಲಿಲ್ಲ. ಉಬೈ ಬಿನ್ ಕಅಬ್(ರ)ರ ಬಳಿಗೆ ವ್ಯಾಜ್ಯ ಹೋಯಿತು. ಒಡೆಯನ ಸಮ್ಮತಿಯಿಲ್ಲದೆ ತೆಗೆದುಕೊಳ್ಳುವಂತಿಲ್ಲವೆಂದು ಅವರು ಖಲೀಫಾರ ವಿರುದ್ಧ ತೀರ್ಪಿತ್ತರು. ಅಂದಿನ ಜಗತ್ತಿನ ಅತಿ ಪ್ರಬಲ ಆಡಳಿತಗಾರ ಆ ತೀರ್ಪಿಗೆ ತಲೆಬಾಗಿದರು. ಹಕ್ಕು ಸಾಬೀತಾದ ಮೇಲೆ ಅಬ್ಬಾಸ್(ರ) ತಾವಾಗಿಯೇ ಆ ಮನೆಯನ್ನು ಮಸೀದಿಗೆ ಬಿಟ್ಟುಕೊಟ್ಟರೆಂದು ವರದಿಯಾಗಿದೆ. ಅನ್ಯಾಯವಾಗಿ ಒಂದು ಗೇಣು ಭೂಮಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುವುದೆಂಬ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಮುಆದ್(ರ)ರನ್ನು ಯಮನ್‌ಗೆ ಕಳುಹಿಸುವಾಗ ಪ್ರವಾದಿ(ಸ) ನೀಡಿದ ಎಚ್ಚರಿಕೆ ಇನ್ನೂ ಕಠಿಣ: ಮರ್ದಿತನ ಮೊರೆಯನ್ನು ಅಂಜಬೇಕು, ಅದಕ್ಕೂ ಅಲ್ಲಾಹನಿಗೂ ನಡುವೆ ಪರದೆಯಿಲ್ಲ. ಆ ಮರ್ದಿತ ಯಾವ ಧರ್ಮದವನೆಂಬ ಷರತ್ತನ್ನು ಅಲ್ಲಿ ಹಾಕಿಲ್ಲ. ಅರ್ಗಾ, ಚೆಂಡಿಯಾ, ತೋಡೂರಿನ ಮೀನುಗಾರ ತಾಯಿಯ ನಿಟ್ಟುಸಿರಿಗೂ ಪರದೆಯಿಲ್ಲ.

ಇಲ್ಲಿಯವರೆಗೆ ಓದಿದವರು ತಲೆದೂಗಿರಬಹುದು. ಸರಕಾರಕ್ಕೆ, ಅಧಿಕಾರಿಗಳಿಗೆ ಸರಿಯಾಗಿ ಹೇಳಿದಿರಿ ಎಂದುಕೊಂಡಿರಬಹುದು. ಈಗ ಆ ಎಚ್ಚರಿಕೆಯನ್ನು ನಮ್ಮ ಮನೆಯ ಹೊಸಿಲಿಗೆ ತರೋಣ.

ಜಮೀನಿಗೆ ಪರಿಹಾರ ಬಂತೆನ್ನೋಣ. ಅಥವಾ ತಂದೆ ತೀರಿಕೊಂಡು ಆಸ್ತಿ ಹಂಚುವ ಕಾಲ ಬಂತೆನ್ನೋಣ. ನಮ್ಮ ಎಷ್ಟು ಮನೆಗಳಲ್ಲಿ ಸಹೋದರಿಯ ಪಾಲು ಅವಳ ಕೈ ಸೇರಿದೆ? ಹೆತ್ತವರು ಬಿಟ್ಟುಹೋದುದರಲ್ಲಿ, ಅದು ಅಲ್ಪವಿರಲಿ ಅಧಿಕವಿರಲಿ, ಸ್ತ್ರೀಗೂ ನಿಗದಿತ ಪಾಲಿದೆಯೆಂದು ಸೂರಃ ಅನ್ನಿಸಾ ಸ್ಪಷ್ಟಪಡಿಸಿದೆ. ಆದರೂ ನಡೆಯುವುದೇನು? "ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎನ್ನುತ್ತೇವೆ. "ತವರಿನ ಬಾಗಿಲು ಬೇಕೋ, ಪಾಲು ಬೇಕೋ" ಎನ್ನುತ್ತೇವೆ. ಹಕ್ಕು ಬಿಡುಗಡೆ ಪತ್ರವನ್ನು ಮುಂದಿಟ್ಟು ಸಹಿ ಹಾಕಿಸುತ್ತೇವೆ. ಅವಳು ಕಣ್ಣೊರೆಸಿಕೊಂಡು ಸಹಿ ಹಾಕುತ್ತಾಳೆ, ನಾವು ಅದನ್ನು 'ಸಂತೋಷದಿಂದ ಬಿಟ್ಟುಕೊಟ್ಟಳು' ಎಂದು ಊರಿಗೆ ಹೇಳುತ್ತೇವೆ.

ಸಹೋದರರೇ, ಸರಕಾರವಾದರೂ ನೋಟಿಸು ಕೊಟ್ಟು, ಕಡಿಮೆಯೋ ಹೆಚ್ಚೋ ದರ ಕಟ್ಟಿ ತೆಗೆದುಕೊಳ್ಳುತ್ತದೆ. ಅದರ ವಿರುದ್ಧ ನ್ಯಾಯಾಲಯಕ್ಕೆ ಹೋಗಬಹುದು. ನಾವು ನೋಟಿಸಿಲ್ಲದೆ, ದರವಿಲ್ಲದೆ, ಮೇಲ್ಮನವಿಗೆ ಅವಕಾಶವಿಲ್ಲದಂತೆ ಕಿತ್ತುಕೊಳ್ಳುತ್ತೇವೆ. ಮನೆಯೊಳಗೆ ನಾವೇ ಸಣ್ಣ ಸುಲ್ತಾನರು. ಮರ್ದಿತನ ದುಆಕ್ಕೆ ಪರದೆಯಿಲ್ಲವೆಂದು ಸರಕಾರಕ್ಕೆ ಕೇಳುವಂತೆ ಹೇಳುವ ನಾವು, ನಡುರಾತ್ರಿ ತಹಜ್ಜುದ್‌ನಲ್ಲಿ ಕೈಯೆತ್ತುವ ನಮ್ಮದೇ ಸಹೋದರಿ ಯಾರ ವಿರುದ್ಧ ದೂರು ಹೇಳುತ್ತಿದ್ದಾಳೆಂದು ಯೋಚಿಸಿದ್ದೇವೆಯೇ? ನಮ್ಮ ದುಆಗಳು ಏಕೆ ಸ್ವೀಕಾರವಾಗುತ್ತಿಲ್ಲವೆಂದು ಕೇಳುತ್ತೇವೆ. ತಿನ್ನುವುದು, ಉಡುವುದು ನಿಷಿದ್ಧ ಮೂಲದ್ದಾಗಿರುವಾಗ ಎತ್ತಿದ ಕೈಗೆ ಉತ್ತರ ಹೇಗೆ ಬಂದೀತೆಂದು ಪ್ರವಾದಿ(ಸ) ಎಂದೋ ಕೇಳಿದ್ದಾರೆ. ಬಹುಶಃ ನಮ್ಮ ದುಆವೂ ಅವಳ ದುಆವೂ ಒಂದೇ ರಾತ್ರಿ ಮೇಲೇರುತ್ತಿವೆ, ಸ್ವೀಕಾರವಾಗುತ್ತಿರುವುದು ಅವಳದ್ದು.

ಆದ್ದರಿಂದ ಶರಣಾಗತಿಯ ಮಾತು ಇಲ್ಲಿಂದಲೇ ಶುರುವಾಗಬೇಕು. 'ಮುಸ್ಲಿಮ್' ಎಂಬ ಪದದ ಅರ್ಥವೇ ಶರಣಾದವನು ಎಂದು. ಅಲ್ಲಾಹನಿಗೆ ಶರಣಾದವನು ದೊಡ್ಡ ಅಧಿಕಾರದ ಮುಂದೆ ಹೆದರುವುದಿಲ್ಲ, ತನ್ನ ಕೈಯಲ್ಲಿರುವ ಸಣ್ಣ ಅಧಿಕಾರವನ್ನು ದುರುಪಯೋಗಿಸುವುದೂ ಇಲ್ಲ. ಇವೆರಡರಲ್ಲಿ ಒಂದಿದ್ದು ಇನ್ನೊಂದಿಲ್ಲದಿದ್ದರೆ ಅದು ಶರಣಾಗತಿಯಲ್ಲ, ಅಸಹಾಯಕತೆ ಅಷ್ಟೇ. ಇಂದೇ ಮನೆಯಲ್ಲಿ ಕುಳಿತು ಲೆಕ್ಕ ಮಾಡಿ. ಬಾಕಿಯಿರುವ ಪಾಲನ್ನು ಸಹೋದರಿಗೆ, ಅವಳಿಲ್ಲದಿದ್ದರೆ ಅವಳ ಮಕ್ಕಳಿಗೆ ತಲುಪಿಸಿ. ನಿಮ್ಮ ಹಕ್ಕಿಗಾಗಿ ಕಚೇರಿಗೆ ಹೋಗಿ, ನ್ಯಾಯಾಲಯಕ್ಕೂ ಹೋಗಿ, ಆದರೆ ಮನೆಯಿಂದ ಹೊರಡುವ ಮುನ್ನ ಎರಡು ರಕಅತ್ ನಮಾಝ್ ನಿರ್ವಹಿಸಿ, ಲಂಚದ ಕವರನ್ನು ಮನೆಯಲ್ಲೇ ಬಿಟ್ಟು ಹೋಗಿ. ನೆರೆಯ ಮೀನುಗಾರನಿಗೆ ಅರ್ಜಿ ಬರೆಯಲು ಬಾರದಿದ್ದರೆ ಬರೆದುಕೊಡಿ. ನಿಮ್ಮ ದುಆದಲ್ಲಿ ಅವನ ಹೆಸರನ್ನೂ ಸೇರಿಸಿ.

ಭೂಮಿಯನ್ನೆಲ್ಲ ತನಗೆ ಸುಜೂದ್‌ನ ತಾಣವನ್ನಾಗಿ ಮಾಡಲಾಗಿದೆಯೆಂದು ಪ್ರವಾದಿ(ಸ) ಹೇಳಿದ್ದಾರೆ. ನಕ್ಷೆಯ ಮೇಲೆ ಗೆರೆಯೆಳೆದು, ಬೇಲಿ ಹಾಕಿ, ಗೋಡೆಯೆಬ್ಬಿಸಿ ಗದ್ದೆಯನ್ನೂ ತೀರವನ್ನೂ ವಶಪಡಿಸಿಕೊಳ್ಳಬಹುದು. ಹಣೆಯಿಡಲು ಬೇಕಾದ ಆ ಒಂದು ಗೇಣು ನೆಲ ಮಾತ್ರ ಯಾವ ಸರ್ವೆ ನಂಬರಿಗೂ ಸೇರದು. ನೀವು ಹೋದಲ್ಲೆಲ್ಲ ಅದು ನಿಮ್ಮೊಂದಿಗೆ ಬರುತ್ತದೆ. ಅದನ್ನು ಕಳೆದುಕೊಂಡರೆ ಕಳೆದುಕೊಂಡವರು ನಾವೇ, ಕಿತ್ತುಕೊಂಡವರು ಯಾರೂ ಅಲ್ಲ.

ನೆಲೆ ಕಳೆದುಕೊಂಡ ಎಲ್ಲರಿಗೂ ಅಲ್ಲಾಹನು ನ್ಯಾಯವನ್ನೂ ನೆಮ್ಮದಿಯನ್ನೂ ದಯಪಾಲಿಸಲಿ. ಅವನ ಹೊರತು ಇನ್ನಾರಿಗೂ ಬಾಗದ ಬೆನ್ನನ್ನೂ, ಯಾರ ಹಕ್ಕನ್ನೂ ಕಬಳಿಸದ ಕೈಯನ್ನೂ ನಮಗೆ ಕರುಣಿಸಲಿ. ಆಮೀನ್.